ಒಂದನೇ ಕ್ಲಾಸಿಗೆ ಕಳಿಸಲಾ, ಒಂದು ವರ್ಷ ತಡೆಯಲಾ? ಅನುಭವ ಇದ್ದವರು ಹೇಳಿ

ಹಾಸನದ ಅಮ್ಮ: ಮಗಳಿಗೆ 2025ರ ಜೂನ್ 1ಕ್ಕೆ 5 ವರ್ಷ 7 ತಿಂಗಳು. ಯುಕೆಜಿ ಆಯ್ತು. 6 ತುಂಬಿರಲೇಬೇಕು ಅನ್ನೋ ನಿಯಮವನ್ನ 2025-26ಕ್ಕೆ ಮಾತ್ರ 5 ವರ್ಷ 5 ತಿಂಗಳಿಗೆ ಇಳಿಸಿದ್ದಾರಲ್ಲ, ಹಾಗಾಗಿ ಸೀಟು ಸಿಗುತ್ತೆ. ಕಥೆ ಚೆನ್ನಾಗಿ ಹೇಳ್ತಾಳೆ, ಆದ್ರೆ ಎರಡು ಸಾಲು ಬರೆಯೋಷ್ಟರಲ್ಲಿ ಕೈನೋವು ಅಂತಾಳೆ. ಏನು ಮಾಡಲಿ?

ದಾವಣಗೆರೆ ತಾಯಿ: ನಮ್ಮ ಹೊಟ್ಟೆ ಉರಿ ಕೇಳಿ. ಮಗನಿಗೆ 6 ಆಗಲ್ಲ ಅಂತ ಫೆಬ್ರುವರಿಯಲ್ಲೇ ಇನ್ನೊಂದು ಸಲ ಯುಕೆಜಿಗೆ ಕಟ್ಟಿದ್ವಿ. ಫೀಸು 38,000. ಪುಸ್ತಕ 4,200, ಹೋದ ವರ್ಷದವೇ, ರಟ್ಟು ಮಾತ್ರ ಬೇರೆ. ವ್ಯಾನಿಗೆ ಮುಂಗಡ 3,600. ಏಪ್ರಿಲ್‌ನಲ್ಲಿ ಸಡಿಲಿಕೆ ಬಂತು. ಶಾಲೆಯವರು ಒಂದು ಪೈಸೆ ವಾಪಸ್ ಕೊಡಲಿಲ್ಲ. 2022ರಲ್ಲಿ 6 ವರ್ಷದ ಆದೇಶ ಮಾಡಿದ್ದೂ ಸರ್ಕಾರವೇ, 2025-26ರಿಂದ ಜಾರಿ ಅಂದಿದ್ದೂ ಸರ್ಕಾರವೇ. ಜಾರಿಯಾಗೋ ವರ್ಷವೇ ತಿರುಗಿಸಿದ್ರೆ ನಂಬಿದವರು ಎಲ್ಲಿಗೆ ಹೋಗಬೇಕು? ಜೊತೆಯವರೆಲ್ಲ ಫಸ್ಟ್‌ಗೆ ಹೋಗ್ತಾರೆ ಅಂತ ಮಗ ದಿನಾ ಅಳ್ತಾನೆ.

ಯಲಹಂಕದ ಅಪ್ಪ: ಅತ್ತರೆ ಅಳಲಿ ಮೇಡಂ, ನಿಮ್ಮದು ಒಂದು ವರ್ಷದ ದುಡ್ಡು. ನಾವು ಮಗಳನ್ನ ಐದೂವರೆಗೇ ಫಸ್ಟ್‌ಗೆ ಹಾಕಿದ್ವಿ. ಈಗ ಮೂರನೇ ಕ್ಲಾಸು. ಓದಿದ್ದು ಬಾಯಲ್ಲಿ ಎಲ್ಲ ಹೇಳ್ತಾಳೆ, ಪರೀಕ್ಷೆಯಲ್ಲಿ ಅರ್ಧ ಪೇಪರ್ ಖಾಲಿ. ಟ್ಯೂಷನ್ ತಿಂಗಳಿಗೆ 1,800. ಕೈ ಬೆರಳಿನ ಥೆರಪಿ ಒಂದು ಸಲಕ್ಕೆ 700, ವಾರಕ್ಕೆ ಎರಡು ಸಲ, ಆಟೋ ಖರ್ಚು ಬೇರೆ. ಅಂಕ ಬಂದ ದಿನ ಊಟ ಬಿಟ್ಟು ಮಲಗ್ತಾಳೆ.

ದಾವಣಗೆರೆ ತಾಯಿ: ಅಳಲಿ ಅನ್ನೋಕೆ ನಿಮಗೇನು ಹಕ್ಕಿದೆ ಸಾರ್? ನಿಮ್ಮ ಮಗು ಊಟ ಬಿಟ್ಟರೆ ಸಂಕಟ, ನಮ್ಮದು ಅತ್ತರೆ ಪರವಾಗಿಲ್ವಾ?

ನಂಜನಗೂಡು ಕಡೆಯವಳು: ಇಷ್ಟೆಲ್ಲ ಕಟ್ಟೋದೇ ಯಾಕ್ರೀ? ನನ್ನ ಇಬ್ಬರೂ ಅಂಗನವಾಡಿಯವರು. ‘ಚಿಲಿಪಿಲಿ’ ಚಟುವಟಿಕೆ, ಹಾಡು, ಮಣ್ಣಿನಾಟ, ಮೊಟ್ಟೆ, ಹಾಲು. ಖರ್ಚು ಅಂದ್ರೆ ಒಂದು ಬ್ಯಾಗು, ಒಂದು ಜೊತೆ ಚಪ್ಪಲಿ. ದೊಡ್ಡವನು 6 ತುಂಬಿದ ಮೇಲೇ ಒಂದನೇ ಕ್ಲಾಸಿಗೆ ಹೋದ, ದಸರಾ ರಜೆಯೊಳಗೆ ಬಸ್ ಬೋರ್ಡು ಓದ್ತಿದ್ದ.

ಯಲಹಂಕದ ಅಪ್ಪ: ನಮ್ಮ ಏರಿಯಾ ಅಂಗನವಾಡಿ ನೋಡಿದೀರಾ? ಒಂದೇ ಕೋಣೆ, ಅಲ್ಲೇ ಒಲೆ. ಟೀಚರ್ ಸರ್ವೆಗೆ ಹೋದರೆ ಸಹಾಯಕಿಯೇ ಗತಿ. ಮೊಟ್ಟೆ ತಿಂದರೆ ಓದು ಬರುತ್ತಾ?

ನಂಜನಗೂಡು ಕಡೆಯವಳು: ಹಸಿದ ಮಗುವಿಗೆ ಯಾವ ಅಕ್ಷರ ತಲೆಗೆ ಹೋಗುತ್ತೆ? ಊಟ, ಚುಚ್ಚುಮದ್ದು, ಕಲಿಕೆ ಮೂರೂ ಒಟ್ಟಿಗೆ ಇರಲಿ ಅಂತಲೇ 1975ರಲ್ಲಿ ಈ ಅಂಗನವಾಡಿ ಯೋಜನೆ ತಂದಿದ್ದು, ನಮ್ಮ ಪಕ್ಕದ ಟಿ. ನರಸೀಪುರದಲ್ಲಿ ಮೊದಲ ಸುತ್ತಿನಲ್ಲೇ ಶುರುವಾಯ್ತು. ಸರ್ವೆಗೆ ಕಳಿಸೋದು ಸರ್ಕಾರ, ಬೈಸಿಕೊಳ್ಳೋದು ಟೀಚರ್. ನಮ್ಮಕ್ಕನೂ ಅಂಗನವಾಡಿ ಟೀಚರ್, ನಾಲಿಗೆ ಹಿಡಿತದಲ್ಲಿರಲಿ.

ನಿವೃತ್ತ ಮೇಷ್ಟ್ರು, ಎಚ್.ಡಿ. ಕೋಟೆ: ಜಗಳ ಬಿಡಿ ತಾಯಂದಿರೇ. 1995ರಲ್ಲಿ ನಲಿ-ಕಲಿ, ಅಂದ್ರೆ ಸರ್ಕಾರಿ ಶಾಲೆಯಲ್ಲಿ ಆಡಿಸುತ್ತಾ ಕಲಿಸೋ ಪದ್ಧತಿ, ಶುರುವಾಗಿದ್ದೇ ನಮ್ಮ ತಾಲೂಕಲ್ಲಿ. ನಾನು ಪಾಠದ ಕಾರ್ಡು, ಕಲಿಕೆಯ ಮೆಟ್ಟಿಲು ತೋರಿಸೋ ‘ಏಣಿ’ ಪಟ ಹಿಡಿದು ಕಲಿಸಿದವನು. ಒಂದೇ ಕೋಣೆಯಲ್ಲಿ ಒಂದು ಮಗು ಮುಂದಿನ ಮೆಟ್ಟಿಲಲ್ಲಿ, ಇನ್ನೊಂದು ಹಿಂದೆ, ಯಾರಿಗೂ ಅವಮಾನ ಇರಲಿಲ್ಲ. ಕೈನೋವು ಅನ್ನೋ ಮಗುವಿಗೆ ಪೆನ್ಸಿಲ್ ಬಿಡಿಸಿ. ಅವರೆಕಾಳು ಹಿಚುಕಲಿ, ಚಪಾತಿ ಹಿಟ್ಟು ನಾದಲಿ, ರಂಗೋಲಿ ಚುಕ್ಕಿ ಇಡಲಿ. ಚೌಕಾಬಾರ ಆಡಿಸಿ, ಕವಡೆ ಬಿದ್ದಷ್ಟು ಮನೆ ನಡೆಸುತ್ತಾ ಎಣಿಕೆ ತಾನಾಗಿ ಬರುತ್ತೆ.

ಮಂಗಳೂರು ಮಮ್ಮಿ: ಮಾರಾಯ್ರೆ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅವರೆಕಾಳು ಹಿಚುಕಿಸುವುದು ಯಾರು? ಅತ್ತೆ ಮೊಬೈಲು ಕೊಟ್ಟು ಕೂರಿಸ್ತಾರೆ.

ನಿವೃತ್ತ ಮೇಷ್ಟ್ರು, ಎಚ್.ಡಿ. ಕೋಟೆ: ಅತ್ತೆಯ ಮೇಲೆ ಹಾಕಬೇಡಿ. ರಾತ್ರಿ ಅಡುಗೆ ನೀವೇ ಮಾಡ್ತೀರಲ್ಲ, ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮಂಗಳೂರು ಮಮ್ಮಿ: ಅಡುಗೆ ನಾನೇ ಮಾಡ್ತೇನೆ ಅಂತ ನಿಮಗೆ ಹೇಳಿದವರು ಯಾರು?

ದಾವಣಗೆರೆ ತಾಯಿ: ವ್ಯಾನಿನ ಮುಂಗಡ ಆದ್ರೂ ಯಾರಾದ್ರೂ ವಾಪಸ್ ತಗೊಂಡಿದೀರಾ? ರಸೀದಿ ಇದೆ ನನ್ನ ಹತ್ರ. ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಅರ್ಜಿ ಬರೆಯೋದಿದ್ರೆ ಹೇಳಿ, ಒಟ್ಟಿಗೆ ಕೊಡೋಣ.