420, ಮೂರೇ ತಿಂಗಳಿಗೆ ತುಕ್ಕು. ಯಾವ ಚಾಕು ತಗೊಳ್ಳಲಿ?

ಹಾಯಿಗಾರ_ಚೆನ್ನೈ: ಸಾಕಾಗಿಹೋಗಿದೆ. 420ಗೆ ಅಂತಲೇ ಒಂದು ಸಣ್ಣ ಚಾಕು ತಗೊಂಡಿದ್ದೆ. ಮಡಚೋದಲ್ಲ, ಒರೆಯಲ್ಲಿ ಇಡೋದು, ಅಲಗು ಮೂರಿಂಚು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಸ್ಟೇನ್‌ಲೆಸ್ ಅಂತಿತ್ತು. ಮೂರು ತಿಂಗಳಿಗೆ ಅಲಗಿನ ತುಂಬ ಚುಕ್ಕಿ ಚುಕ್ಕಿ ತುಕ್ಕು. ಹೋದ ಭಾನುವಾರ ಬೇಕೇಬೇಕು ಅನ್ನೋ ಹೊತ್ತಲ್ಲಿ ಕೈಕೊಡ್ತು. ತುಕ್ಕೇ ಹಿಡಿಯದ ಉಕ್ಕು ಯಾವುದು? ಐದು ಸಾವಿರದೊಳಗೆ ಹೇಳಿ. ತೊಳೀತೀಯಾ ಅಂತ ಕೇಳಬೇಡಿ, ತೊಳೀತೀನಿ.

ಉಕ್ಕಿನಹುಳ: 420 ಅಂತ ನೀವೇ ಹೇಳ್ತಿದೀರಲ್ಲ ಗುರು, ಅಲ್ಲೇ ಇದೆ ಉತ್ತರ. ಒಳ್ಳೆ 420 ಉಕ್ಕಿಗೆ ಧಾರೆ ನಿಲ್ಲಲ್ಲ ಅಷ್ಟೇ, ತುಕ್ಕು ಇಷ್ಟು ಬೇಗ ಹಿಡಿಯಲ್ಲ. ನಿಮ್ಮದು ಟೆಂಪರಿಂಗ್‌ನಲ್ಲೇ, ಅಂದ್ರೆ ಉಕ್ಕನ್ನ ಮತ್ತೆ ಕಾಯಿಸಿ ಹದ ಮಾಡೋವಾಗಲೇ, ಕೆಟ್ಟಿದೆ. ಬಿಸಿ ಜಾಸ್ತಿಯಾದ್ರೆ ಕ್ರೋಮಿಯಂ ಹೋಗಿ ಕಾರ್ಬನ್ ಜೊತೆ ಕೂತುಬಿಡುತ್ತೆ, ತುಕ್ಕು ತಡೆಯೋಕೆ ಉಳಿಯಲ್ಲ. ಸ್ಪೈಡರ್ಕೊ ಕಂಪನಿಯ ಸಾಲ್ಟ್ ಸರಣಿಯಲ್ಲಿ ಎಚ್1 ಉಕ್ಕು ಬರ್ತಿತ್ತು. ಅದರಲ್ಲಿ ಕಾರ್ಬನ್ ಬಹಳ ಕಡಿಮೆ, ಬದಲಿಗೆ ನೈಟ್ರೋಜನ್. ಬಕೆಟ್ ಉಪ್ಪುನೀರಲ್ಲಿ ವಾರ ಮುಳುಗಿಸಿಟ್ಟಿದೀನಿ, ಒಂದು ಕಲೆ ಇಲ್ಲ.

ಮಲ್ಪೆ_ಬೋಟು: ಎಂತದು ಮಾರಾಯ್ರೆ ಬಕೆಟ್ಟಲ್ಲಿ ಮುಳುಗಿಸಿದ್ದು! ನಮ್ಮ ಬೋಟಲ್ಲಿ ಹಳೇ ಹ್ಯಾಕ್ಸಾ ಬ್ಲೇಡ್ ತೇಯ್ದು ಮಾಡಿದ ಚೂರಿ ಉಂಟು, ಹಿಡಿಗೆ ಬಲೆಯ ನೂಲು ಸುತ್ತಿದ್ದು. ಸಂಜೆ ಒರೆಸಿ ತೆಂಗಿನೆಣ್ಣೆ ಸವರಿದರೆ ಆಯ್ತು. ಖರ್ಚು ಸೊನ್ನೆ.

ಉಕ್ಕಿನಹುಳ: ಅಣ್ಣ, ಅದು ಎರಡು ದಿನ ಎಣ್ಣೆ ಕಾಣದಿದ್ರೆ ಕೆಂಪಗಾಗುತ್ತೆ. ಅವರು ಕೇಳ್ತಿರೋದು ಸ್ಟೇನ್‌ಲೆಸ್ ಬಗ್ಗೆ. 420ಯಲ್ಲೂ 420ಎಚ್‌ಸಿ ಬೇರೆ, ಬರೀ 420 ಬೇರೆ. ಅಲಗಿನ ಮೇಲೆ ಏನು ಒತ್ತಿದೆ, ಫೋಟೊ ಹಾಕಿ.

ಬೆಣ್ಣೆದೋಸೆ: ಹೆಸರೇ ಫೋರ್ ಟ್ವೆಂಟಿ, ಇನ್ನು ಮೋಸ ಮಾಡದೆ ಇರುತ್ತಾ 😄

ಹಾಯಿಗಾರ_ಚೆನ್ನೈ: ಅಯ್ಯೋ ದೇವರೇ. 420 ಅಂದ್ರೆ ಉಕ್ಕಲ್ಲ, ದೋಣಿ! ಇಬ್ಬರು ಓಡಿಸೋ ಹಾಯಿದೋಣಿ, ಉದ್ದ 4.20 ಮೀಟರ್, ಅದಕ್ಕೇ ಆ ಹೆಸರು. ನಾನು ಕ್ರೂ, ಟ್ರಪೀಜ್ ಮೇಲೆ ನಿಲ್ಲೋನು, ಅಂದ್ರೆ ಹಾಯಿಕಂಬದ (ಮಾಸ್ಟ್) ತಂತಿಗೆ ಸೊಂಟದ ಹಾರ್ನೆಸ್ ಕೊಕ್ಕೆ ಸಿಕ್ಕಿಸಿ ದೋಣಿಯ ಹೊರಗೆ ವಾಲೋನು. ಹಾಯಿದೋಣಿ ವಿಭಾಗದಲ್ಲಿ ಬರೆದಿದೀನಿ, ಗೊತ್ತಾಗುತ್ತೆ ಅಂದ್ಕೊಂಡೆ.

ಉಕ್ಕಿನಹುಳ: ಹಾಗಾದ್ರೆ ಉಕ್ಕು ಯಾವುದು ಅಂತ ನಿಮಗೇ ಗೊತ್ತಿಲ್ಲ. ಟೆಂಪರಿಂಗ್ ಅನ್ನೋ ನನ್ನ ಅನುಮಾನ ಇನ್ನೂ ಗಟ್ಟಿಯಾಯ್ತು.

ಪೋರ್ಟ್_ಟ್ಯಾಕ್: ಒಂದು ನಿಮಿಷ, ಎಲ್ಲರೂ ಉಕ್ಕು ಬಿಡಿ. ಭಾನುವಾರ ಆಗಿದ್ದೇನು? ಚಾಕು ಎಲ್ಲಿ ಕಟ್ಟಿದ್ರಿ? ಕೊಯ್ಯಬೇಕಾಗಿದ್ದು ಯಾವ ಹಗ್ಗ?

ಹಾಯಿಗಾರ_ಚೆನ್ನೈ: ಬಂದರಿನ ಹೊರಗೆ ದೋಣಿ ಮಗುಚಿತು. ಸ್ಪಿನೇಕರ್ ಶೀಟು (ಮುಂದಿನ ದೊಡ್ಡ ಹಾಯಿ ಎಳೆಯೋ ಹಗ್ಗ) ನನ್ನ ಹಾರ್ನೆಸ್ ಕೊಕ್ಕೆಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಚಾಕು ಬೆಲ್ಟಲ್ಲಿ, ಬಲಗಡೆ ಹಿಂದಕ್ಕೆ. ಅದರ ಮೇಲೆ ಹಾರ್ನೆಸ್, ಅದರ ಮೇಲೆ ಲೈಫ್ ಜಾಕೆಟ್. ಬೆರಳಿಗೆ ಹಿಡಿಯ ತುದಿ ತಾಗ್ತಿತ್ತು, ಎಳೆಯೋಕೆ ಆಗ್ತಿರಲಿಲ್ಲ. ಚುಕ್ಕಾಣಿ ಹಿಡಿದಿದ್ದ ಗೆಳೆಯ ಈಜಿ ಬಂದು ಕೈಯಲ್ಲೇ ಬಿಡಿಸಿದ. ದಡಕ್ಕೆ ಬಂದು ಅದೇ ಶೀಟಿನ ತುಂಡಿನ ಮೇಲೆ ಚಾಕು ಆಡಿಸಿದ್ರೆ ಜಾರುತ್ತೆ, ಕೊಯ್ಯಲ್ಲ. ಡೈನೀಮಾ ಅನ್ನೋ ಗಟ್ಟಿ ಸಿಂಥೆಟಿಕ್ ಹಗ್ಗ.

ಪೋರ್ಟ್_ಟ್ಯಾಕ್: ಇದನ್ನ ಮೊದಲೇ ಹೇಳಬಾರದಿತ್ತಾ! ಎಚ್1 ಇದ್ದಿದ್ರೂ ಅವತ್ತು ಅದು ನಿಮ್ಮ ಬೆನ್ನ ಹಿಂದೇನೇ ಇರ್ತಿತ್ತು. ಚಾಕು ಎದೆ ಮೇಲೆ ಬರಲಿ, ಜಾಕೆಟ್ಟಿನ ಹೊರಗೆ, ಎಡಗೈಗೂ ಬಲಗೈಗೂ ಸಿಗೋ ಹಾಗೆ. ಕಣ್ಣು ಮುಚ್ಚಿ, ಕೈಗವಸು ಹಾಕಿ ಹತ್ತು ಸಲ ಎಳೆದು ನೋಡಿ. ಡೈನೀಮಾ ನುಣುಪು, ಸಾದಾ ಧಾರೆ ಸ್ವಲ್ಪ ಮಂಕಾದ್ರೂ ಜಾರುತ್ತೆ, ಗರಗಸದ ಹಲ್ಲಿರೋ ಅಲಗು ಕಚ್ಚಿ ಹಿಡಿಯುತ್ತೆ. ತುದಿ ಮೊಂಡಾಗಿರಲಿ. ಅಲೆಯಲ್ಲಿ ಒದ್ದಾಡುವಾಗ ಚೂಪು ತುದಿ ಮೊದಲು ಚುಚ್ಚೋದು ಬಿಡಿಸೋಕೆ ಬಂದ ಗೆಳೆಯನಿಗೇ. ಟ್ರಪೀಜ್ ತಂತಿ ಸ್ಟೀಲಿನದಾದ್ರೆ ಯಾವ ಚಾಕುವಿಂದಲೂ ಆಗಲ್ಲ, ಅದಕ್ಕೇ ಕೊಕ್ಕೆ ತಕ್ಷಣ ಕಳಚೋ ಹಾರ್ನೆಸ್ ಬೇಕು. ರೇಸಿಂಗ್ ನಿಯಮದಲ್ಲೇ 2023ರಿಂದ ಅದು ಕಡ್ಡಾಯ. ನಿಮ್ಮದು ಹಳೇದಾ?

ಕಡಲಕಾಗೆ: ಚಾಕುವಿಗೆ ದಾರ ಮರೆಯಬೇಡಿ. ದೂರಸಾಗರದ ರೇಸುಗಳಲ್ಲಿ ಕಾಕ್‌ಪಿಟ್ ಚಾಕು ಒರೆಯಲ್ಲಿರಬೇಕು, ಕಟ್ಟಿರಲೂಬೇಕು.

ಪೋರ್ಟ್_ಟ್ಯಾಕ್: ಅದು ದೊಡ್ಡ ದೋಣಿಗೆ ಸರ್. ಇಂಥ ಸಣ್ಣ ಡಿಂಗಿಯಲ್ಲಿ ಮೈಮೇಲೆ ಇನ್ನೊಂದು ದಾರ ಅಂದ್ರೆ ಸಿಕ್ಕಿಹಾಕಿಕೊಳ್ಳೋಕೆ ಇನ್ನೊಂದು ದಾರಿ.

ಕಡಲಕಾಗೆ: ದಾರ ಇಲ್ಲದೆ ನನ್ನ ಎರಡು ಚಾಕು ಸಮುದ್ರದ ತಳ ಸೇರಿವೆ. ಈಗ ನಾಲ್ಕಿವೆ: ಮಾಸ್ಟ್ ಬುಡಕ್ಕೆ ಒಂದು, ಚುಕ್ಕಾಣಿ ಹತ್ತಿರ ಒಂದು, ಜಾಕೆಟ್ಟಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು. ಎಲ್ಲಕ್ಕೂ ಕೇಸರಿ ಬಣ್ಣದ ಹಿಡಿ. ಫೋಟೊ ಹಾಕಲಾ?

ಬೆಣ್ಣೆದೋಸೆ: ಅಡುಗೆಮನೆಯದಕ್ಕೂ ದಾರ ಕಟ್ಟಿದೀರಾ ಸರ್?

ಮಲ್ಪೆ_ಬೋಟು: ಹಲ್ಲಿನ ಅಲಗು ಮೊಂಡಾದರೆ ಮಸೆಯುವುದು ಯಾರು? ಸಾದಾ ಅಲಗನ್ನು ಕಲ್ಲಿಗೆ ನಾಲ್ಕು ಸಲ ಎಳೆದರೆ ಮುಗೀತು.

ಉಕ್ಕಿನಹುಳ: ಉರುಟು ಕಡ್ಡಿ ಬರುತ್ತೆ ಅಣ್ಣ, ಒಂದೊಂದೇ ಹಲ್ಲು ಉಜ್ಜಬೇಕು. ಎಚ್1 ಸಾದಾ ಧಾರೆಯಲ್ಲಿ ಬೇಗ ಮಂಕಾಗುತ್ತೆ, ಹಲ್ಲಿದ್ರೆ ಬಾಳಿಕೆ ಬರುತ್ತೆ. ಆದ್ರೆ ಐದು ಸಾವಿರಕ್ಕೆ ಕನಸು. ಅಷ್ಟರಲ್ಲಿ ಬೇಕಂದ್ರೆ ಸ್ವೀಡನ್ನಿನ ಮೋರಾ ಕಂಪ್ಯಾನಿಯನ್, ಸ್ಟೇನ್‌ಲೆಸ್ಸೇ ತಗೊಳ್ಳಿ. ಅಲಗು ನಾಲ್ಕಿಂಚು, ತುದಿ ಚೂಪು. ಗ್ರೈಂಡರ್‌ನಲ್ಲಿ ಮೊಂಡು ಮಾಡಿಸಿ, ಆದ್ರೆ ಹೆಜ್ಜೆಹೆಜ್ಜೆಗೂ ನೀರಲ್ಲಿ ಅದ್ದಬೇಕು. ನೀಲಿ ಬಣ್ಣ ಬಂತೋ, ಟೆಂಪರ್ ಹೋಯ್ತು.

ಹಾಯಿಗಾರ_ಚೆನ್ನೈ: ಪೋರ್ಟ್_ಟ್ಯಾಕ್ ಅವರೇ, ಹೌದು, ಹಾರ್ನೆಸ್ ಸೆಕೆಂಡ್ ಹ್ಯಾಂಡ್, ಕೊಕ್ಕೆ ಕಳಚಲ್ಲ. ಅದನ್ನೇ ಮೊದಲು ಬದಲಾಯಿಸ್ತೀನಿ. ಇನ್ನೊಂದು ವಿಷಯ ಹೇಳಬೇಕು, ಬೈಬೇಡಿ. ಚಾಕು ಸಿಹಿನೀರಲ್ಲಿ ತೊಳೀತಿದ್ದೆ, ನಿಜ. ಒರೆ ಮಾತ್ರ ತೊಳೆದೇ ಇರಲಿಲ್ಲ. ಇವತ್ತು ತಲೆಕೆಳಗೆ ಮಾಡಿ ತಟ್ಟಿದೆ. ಪೇಪರ್ ಮೇಲೆ ಒಂದು ಚಮಚ ಮರಳು, ಉಪ್ಪು ಬಿತ್ತು. ಒಳಗೆ ಇನ್ನೂ ತೇವ. ತಳದಲ್ಲಿ ನೀರಿಳಿಯೋ ತೂತೇ ಇಲ್ಲ. ತುಕ್ಕಿನ ಚುಕ್ಕಿ ಇರೋದೂ ಅಲಗು ಒರೆಗೆ ತಾಗೋ ಜಾಗದಲ್ಲೇ.

ಮಲ್ಪೆ_ಬೋಟು: ಒದ್ದೆ ಒರೆಯಲ್ಲಿ ಚೂರಿ ಮಲಗಿಸಿದ್ದಾ! ತೂತು ಕೊರೀರಿ ಮಾರಾಯ್ರೆ, ಮನೆಗೆ ಬಂದ ಮೇಲೆ ಎರಡನ್ನೂ ಬೇರೆಬೇರೆ ಒಣಗಿಸಿ.

ಉಕ್ಕಿನಹುಳ: ಒರೆ ಒಂದು ಕಾರಣ ಇರಬಹುದು, ಒಪ್ಪಿದೆ. ಆದ್ರೂ ಅಲಗಿನ ಫೋಟೊ ಹಾಕಿ. ಟೆಂಪರಿಂಗೇ ಅಂತ ನನಗೆ ಅನ್ನಿಸ್ತಿದೆ.