ತೋಟದ ಲೆಕ್ಕದ ಸಾಫ್ಟ್‌ವೇರ್ ಪುಕ್ಕಟೆ ಕೊಟ್ಟರೆ ದುಡ್ಡು ಎಲ್ಲಿಂದ?

ವಿರಾಜಪೇಟೆ_ಕೋಡ್: ಕಾಫಿ ತೋಟದ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ವಾರದ ಬಟವಾಡೆ, ಚೀಲದ ಲೆಕ್ಕ ನೋಡುವ ಸಾಫ್ಟ್‌ವೇರ್ ತಯಾರಿದೆ. ಕೋಡ್ ಸಮೇತ ಉಚಿತವಾಗಿ ಬಿಟ್ಟರೆ ಆದಾಯ ಹೇಗೆ? ಯಾರಾದರೂ ಹೆಸರು ಬದಲಿಸಿ ಮಾರಿದರೆ?

ಮಡಿಕೇರಿ_ಮಂಜು: ಇನ್ನೊಂದು ಪ್ರತಿ ಮಾಡಲು ಖರ್ಚು ಹೆಚ್ಚುಕಮ್ಮಿ ಸೊನ್ನೆ, ಹಾಗಾಗಿ ಪ್ರತಿಗೆ ಬೆಲೆ ನಿಲ್ಲುವುದಿಲ್ಲ. ಬೆಲೆ ನಿಮ್ಮ ಸಮಯಕ್ಕೆ: ಹಳೇ ಎಕ್ಸೆಲ್ ಲೆಕ್ಕ ತುಂಬಿಸುವುದು, ತೋಟದ ರೈಟರಿಗೆ (ಲೆಕ್ಕ ಬರೆಯುವವರಿಗೆ) ಕಲಿಸುವುದು, ಬ್ಯಾಕಪ್, ಕೂಲಿ ದರ ಬದಲಾದಾಗ ಅಪ್‌ಡೇಟ್. ಅಳವಡಿಕೆಗೆ ಒಂದು ಬಿಲ್, ವರ್ಷದ ನಿರ್ವಹಣೆಗೆ ಇನ್ನೊಂದು. ಮುಕ್ತ ಕೋಡಿನ ಲಿನಕ್ಸ್ ಕೊಡುವ ರೆಡ್ ಹ್ಯಾಟ್ ಕಂಪನಿ ಬೆಳೆದದ್ದು ಇಂಥ ಚಂದಾದಿಂದಲೇ. 2019ರಲ್ಲಿ ಐಬಿಎಂ ಅದನ್ನು ಸುಮಾರು 34 ಬಿಲಿಯನ್ ಡಾಲರಿಗೆ ಕೊಂಡಿತು. ಆದರೆ ನಮ್ಮ ಅಳತೆ ಬೇರೆ ಸ್ವಾಮಿ. ತೋಟಕ್ಕೆ ವರ್ಷಕ್ಕೆ ₹6,000 ಅಂದರೆ 40 ತೋಟಕ್ಕೆ ₹2,40,000, ಅಷ್ಟೇ. ಕೊಯ್ಲಿನ ಹೊತ್ತಿಗೆ ಎಲ್ಲರ ಫೋನೂ ಒಟ್ಟಿಗೆ ಬರುತ್ತದೆ. ಒಪ್ಪಂದದಲ್ಲೇ ಗಂಟೆಗಳ ಮಿತಿ ಬರೆಯಿರಿ.

ಸೋಮವಾರಪೇಟೆ_ಲೈಸೆನ್ಸ್: ಕೋಡ್ ಬಳಕೆಗೆ ಷರತ್ತೇ ಕಡಿಮೆ ಇರುವ ಎಂಐಟಿ ಪರವಾನಗಿ ಹಾಕಿದರೆ ಯಾರು ಬೇಕಾದರೂ ಕೋಡ್ ಮುಚ್ಚಿಟ್ಟು ಮಾರಬಹುದು. ಜಿಪಿಎಲ್ ಎಂಬ ಇನ್ನೊಂದು ಪರವಾನಗಿಯಲ್ಲೂ ಮಾರಬಹುದು, ಆದರೆ ಕೊಂಡವರಿಗೆ ಮೂಲ ಕೋಡ್ ಕೊಡಲೇಬೇಕು. ತಪ್ಪುವುದು ಇಲ್ಲಿ: ಕೋಡನ್ನು ಬದಲಿಸಿ ತಮ್ಮ ಸರ್ವರಿನಲ್ಲಿ ನಡೆಸಿ ಬಾಡಿಗೆ ವಸೂಲು ಮಾಡಿದರೆ ಜಿಪಿಎಲ್‌ನ ಕೋಡ್ ಕೊಡುವ ಷರತ್ತು ಅನ್ವಯಿಸದು, ಏಕೆಂದರೆ ಪ್ರತಿ ಯಾರ ಕೈಗೂ ಹೋಗಿಲ್ಲ. ಅದಕ್ಕೆ 2007ರ ಎಜಿಪಿಎಲ್ 3 ಪರವಾನಗಿ ಬೇಕು, ಅದರಲ್ಲಿ ಸರ್ವರ್ ಮೂಲಕ ಬಳಸುವವರಿಗೂ ಬದಲಿಸಿದ ಕೋಡ್ ಕೊಡಬೇಕು. ಮೈಎಸ್‌ಕ್ಯೂಎಲ್ ಡೇಟಾಬೇಸಿನಂತೆ ಎರಡು ಪರವಾನಗಿ (ಒಂದು ಉಚಿತ, ಇನ್ನೊಂದು ದುಡ್ಡಿನದು) ಇಡುವ ಆಸೆಯಿದ್ದರೆ, ಹೊರಗಿನವರ ಕೋಡ್ ಸೇರಿಸುವ ಮುಂಚೆಯೇ ಅವರಿಂದ ಹಕ್ಕಿನ ಒಪ್ಪಿಗೆ ಬರೆಸಿಕೊಳ್ಳಿ. ಆಮೇಲೆ ಒಬ್ಬೊಬ್ಬರನ್ನೇ ಹುಡುಕುವುದು ಆಗದ ಮಾತು. ಹೆಸರು ಕಾಯುವುದು ಪರವಾನಗಿಯಲ್ಲ, ಅದಕ್ಕೆ ಟ್ರೇಡ್‌ಮಾರ್ಕ್ ಬೇರೆ ಬೇಕು.

ಕುಶಾಲನಗರ_ಗಣಿತ: ದೇಣಿಗೆ ನೆಚ್ಚಬೇಡಿ. ಅರ್ಧ ಇಂಟರ್ನೆಟ್ ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ಭದ್ರತಾ ಸಾಫ್ಟ್‌ವೇರಿಗೇ, 2014ರಲ್ಲಿ ಅದರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಸಿಗುವ ಮುಂಚೆ, ದೇಣಿಗೆ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 2,000 ಡಾಲರ್. ಮತ್ತೆ, ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಇರಲ್ಲ. ಆಫ್‌ಲೈನ್ ಓಡುವುದನ್ನೇ ಕೊಡಿ.