ಸಹಾಯ ಬೇಕು: ಸ್ಕೀಮಿನಲ್ಲಿ ತಗೊಂಡ ಕೈತೋಟದ ಬೀಜ ಏನು ಮಾಡಲಿ?

ನಮಸ್ಕಾರ ಎಲ್ಲರಿಗೂ. ಹಾವೇರಿ ಜಿಲ್ಲೆಯಲ್ಲಿ ನಮ್ಮದೊಂದು ಸಣ್ಣ ಬೀಜ, ಗೊಬ್ಬರದ ಅಂಗಡಿ ಇದೆ. ಹೋದ ತಿಂಗಳು ಒಂದು ಕಂಪನಿಯಿಂದ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು, ಕೈತೋಟದ ಸಣ್ಣ ಪ್ಯಾಕೆಟ್‌ಗಳ 10 ಬಾಕ್ಸ್ ತಗೊಂಡರೆ 2 ಬಾಕ್ಸ್ ಫ್ರೀ, ಜೊತೆಗೆ ನೇತುಹಾಕೋ ಸ್ಟ್ಯಾಂಡ್ ಕೂಡ ಅಂತ. ಸ್ಟ್ಯಾಂಡ್ ಆಸೆಗೇ ಬಿದ್ದೆ ಅನ್ನಿ.

ಮಾಲು ಬಂದ ಮೇಲೆ ಲೇಬಲ್ ನೋಡಿದರೆ ಈರುಳ್ಳಿ, ಬೆಂಡೆ ಎರಡರ ಅವಧಿಯೂ ಇನ್ನು ಎರಡೇ ತಿಂಗಳು! ಪರೀಕ್ಷೆ ಮಾಡಿದ ದಿನದಿಂದ 9 ತಿಂಗಳು ಅಂತ ಲೆಕ್ಕ ಅಲ್ವಾ, ಅಂದರೆ ಏಳು ತಿಂಗಳು ಅವರ ಗೋಡೌನ್‌ನಲ್ಲೇ ಕಳೆದಿದೆ. ಬೆಂಡೆ ಪರವಾಗಿಲ್ಲ, ಚೆನ್ನಾಗಿ ಮೊಳೆಯಿತು. ಆದರೆ ಈರುಳ್ಳಿ ಬೀಜ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಅದಕ್ಕೇ 100 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. 12 ದಿನಕ್ಕೆ ಮೊಳೆತಿದ್ದು 58. ಕನಿಷ್ಠ 70 ಇರಬೇಕು.

ಫೋನ್ ಮಾಡಿದರೆ 'ಸ್ಕೀಮ್ ಮಾಲು ವಾಪಸ್ ಇಲ್ಲ' ಅಂತಾರೆ. ಮೆಸೇಜಿನಲ್ಲಿ ಅದನ್ನು ಎಲ್ಲೂ ಹೇಳಿರಲಿಲ್ಲ.

ಬಿಲ್, ಲಾಟ್ ನಂಬರ್, ಮೆಸೇಜ್ ಎಲ್ಲ ಇಟ್ಟಿದ್ದೇನೆ. ಸದ್ಯ ಈರುಳ್ಳಿ ಪ್ಯಾಕೆಟ್ ಮಾರಾಟ ನಿಲ್ಲಿಸಿದ್ದೇನೆ, ನಾಳೆ ಗಿರಾಕಿ ಬಂದು ಬೈಯೋದು ನನಗೇ ತಾನೆ, ಲೈಸೆನ್ಸ್ ಇರೋದೂ ನನ್ನ ಹೆಸರಲ್ಲೇ. ಇಂಥ ಮಾಲು ಯಾರಾದರೂ ವಾಪಸ್ ಕೊಟ್ಟಿದ್ದೀರಾ? ಲಿಖಿತವಾಗಿ ಹೇಗೆ ಕೇಳಿದಿರಿ? ಮೊದಲು ಬೀಜ ಪರೀಕ್ಷಾ ಪ್ರಯೋಗಾಲಯಕ್ಕೆ ಸ್ಯಾಂಪಲ್ ಕಳಿಸಬೇಕಾ, ಇಲ್ಲಾ ನೇರ ಬೀಜ ಇನ್ಸ್‌ಪೆಕ್ಟರ್ ಹತ್ತಿರ ಹೋಗಲಾ? ಅನುಭವ ಇದ್ದವರು ಬೇಗ ಹೇಳಿ, ದಿನ ಓಡ್ತಿದೆ.